ಕಾಲಿನಲ್ಲಿ ಕಾಣಿಸಿಕೊಳ್ಳುವ ಹೃದ್ರೋಗ

ಕಾಲಿನ ಅಪಧಮನಿ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಕಾಲಿನ ಕಾರಣಕ್ಕೆ ಸಾಯುವುದಿಲ್ಲ. ಅವರ ಜೀವ ತೆಗೆಯುವುದು ಹೃದಯ. ಈ ಉಪನ್ಯಾಸದಲ್ಲಿ ನಾನು ಹೇಳಬೇಕಾದದ್ದೆಲ್ಲ ಇದರಿಂದಲೇ ಹೊರಡುತ್ತದೆ. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಳ್ಳುವ, ನಿಂತರೆ ಎರಡು ನಿಮಿಷದಲ್ಲಿ ಬಿಟ್ಟುಬಿಡುವ ನೋವಿರುವ ನೂರು ಮಂದಿಯನ್ನು ಐದು ವರ್ಷ ಹಿಂಬಾಲಿಸಿದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಅಮೆರಿಕದ ಹೃದ್ರೋಗ ಸಂಸ್ಥೆಗಳು 2005ರ ಮಾರ್ಗಸೂಚಿಯಲ್ಲಿ ಕೊಟ್ಟಿವೆ. 70ರಿಂದ 80 ಮಂದಿಯ ಕಾಲು ಇದ್ದಂತೆಯೇ ಇರುತ್ತದೆ. 10ರಿಂದ 20 ಮಂದಿಗೆ ನೋವು ಹೆಚ್ಚುತ್ತದೆ. ಕಾಲನ್ನೇ ಕಳೆದುಕೊಳ್ಳುವ ಅಪಾಯಕ್ಕೆ ತಲುಪುವವರು ಒಬ್ಬಿಬ್ಬರು ಮಾತ್ರ. ಆದರೆ ಅದೇ ಐದು ವರ್ಷದಲ್ಲಿ ಸುಮಾರು 20 ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಬಂದು ಅವರು ಬದುಕುಳಿಯುತ್ತಾರೆ. 15ರಿಂದ 30 ಮಂದಿ ತೀರಿಕೊಳ್ಳುತ್ತಾರೆ, ಆ ಸಾವುಗಳಲ್ಲಿ ಮುಕ್ಕಾಲು ಪಾಲು ಹೃದಯ ಮತ್ತು ರಕ್ತನಾಳಗಳದ್ದು. ರೋಗಿ ವೈದ್ಯರಿಗೆ ತೋರಿಸುವುದು ಕಾಲನ್ನು. ವೈದ್ಯರು ಪರೀಕ್ಷಿಸುವುದೂ ಕಾಲನ್ನು. ಹಾಗಾಗಿ ನನ್ನ ವಾದ ಇಷ್ಟು: ಕಾಲಿನ ಅಪಧಮನಿ ರೋಗ ಪತ್ತೆಯಾದವರನ್ನು, ಅವರಿಗೆ ಎಂದೂ ಎದೆನೋವು ಬಂದಿರದಿದ್ದರೂ, ಒಮ್ಮೆ ಹೃದಯಾಘಾತವಾಗಿ ಉಳಿದುಬಂದವರಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು.

ಎರಡು ಕಾಯಿಲೆಗಳ ನಡುವಿನ ನಂಟು ಹೊಸ ಶೋಧವಲ್ಲ, ಆದರೆ ಅದನ್ನು ಕೂಡಿಸಿ ನೋಡಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಬೇಕಾಯಿತು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಎದೆ ಹಿಡಿದುಕೊಂಡು ನಿಂತೊಡನೆ ಮಾಯವಾಗುವ ನೋವನ್ನು ಇಂಗ್ಲೆಂಡಿನ ವಿಲಿಯಂ ಹೆಬರ್ಡೆನ್ ವರ್ಣಿಸಿದ ಲೇಖನ ಅಚ್ಚಾದದ್ದು 1772ರಲ್ಲಿ. ಓಡುತ್ತಿದ್ದ ಕುದುರೆ ಕಾಲು ಸೋತು ನಿಂತು, ದಣಿವಾರಿಸಿಕೊಂಡ ಮೇಲೆ ಮತ್ತೆ ಓಡುವುದನ್ನು ಫ್ರಾನ್ಸಿನ ಪಶುವೈದ್ಯ ಬೂಲೇ 1831ರಲ್ಲಿ ದಾಖಲಿಸಿದ. ಮನುಷ್ಯನಲ್ಲಿ ಅದೇ ಲಕ್ಷಣವನ್ನು ಅದೇ ದೇಶದ ವೈದ್ಯ ಶಾರ್ಕೊ 1858ರಲ್ಲಿ ಗುರುತಿಸಿದ. ಮೂರೂ ಕಡೆ ಸಂಗತಿ ಒಂದೇ: ಸ್ನಾಯು ಕೆಲಸಕ್ಕಿಳಿದಾಗ ಅದಕ್ಕೆ ಬೇಕಾದಷ್ಟು ರಕ್ತ ಸಿಗುತ್ತಿಲ್ಲ, ಕೆಲಸ ನಿಂತರೆ ಸಿಗುವ ರಕ್ತವೇ ಸಾಕಾಗುತ್ತದೆ. ಹೃದಯವೂ ಸ್ನಾಯು, ಮೀನಖಂಡವೂ ಸ್ನಾಯು. ಎರಡಕ್ಕೂ ರಕ್ತ ಬರುವುದು ಮಹಾಪಧಮನಿಯಿಂದಲೇ. ಅದರ ಬುಡದಲ್ಲಿ ಕರೋನರಿ ನಾಳಗಳು ಕವಲೊಡೆದರೆ, ಹೊಕ್ಕುಳ ಮಟ್ಟದಲ್ಲಿ ಅದೇ ಎರಡಾಗಿ ಸೀಳಿ ಕಾಲುಗಳಿಗೆ ಇಳಿಯುತ್ತದೆ. ಕೊಳಾಯಿಯಲ್ಲಿ ಕಸ ಕಟ್ಟಿಕೊಂಡಂತೆ ಎಂದು ರಕ್ತನಾಳದ ಕಾಯಿಲೆಯನ್ನು ವಿವರಿಸುವುದು ನಮ್ಮಲ್ಲಿ ರೂಢಿ. ಈ ಹೋಲಿಕೆಯೇ ದಾರಿ ತಪ್ಪಿಸುತ್ತದೆ. ಕೊಳಾಯಿಯ ಕಸವನ್ನು ಕಟ್ಟಿದ ಜಾಗದಲ್ಲಿ ತೆಗೆದರೆ ಕೆಲಸ ಮುಗಿಯಿತು. ಅಪಧಮನಿಯ ಗೋಡೆ ಜೀವಂತ ಅಂಗಾಂಶ. ಹೊಗೆ, ಸಕ್ಕರೆ, ಏರಿದ ರಕ್ತದೊತ್ತಡ, ಕೆಟ್ಟ ಕೊಬ್ಬು ಇವುಗಳಿಂದ ಒಳಪದರ ಗಾಸಿಗೊಂಡು, ಕೊಬ್ಬು ಗೋಡೆಯೊಳಕ್ಕೇ ಇಳಿದು, ಉರಿಯೂತ ಹುಟ್ಟಿ ಗಂಟು ಬೆಳೆಯುತ್ತದೆ. ಗಾಸಿ ಮಾಡುವ ರಕ್ತ ಇಡೀ ಮೈಯಲ್ಲಿ ಹರಿಯುವುದರಿಂದ ಗಾಸಿಯೂ ಒಂದೇ ಕಡೆ ನಿಲ್ಲುವುದಿಲ್ಲ.

ತರ್ಕ ಹೀಗೆ ಹೇಳಿದರೆ ಸಾಲದು, ಸಾಕ್ಷ್ಯ ಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ನಾರ್ಮನ್ ಹರ್ಟ್ಜರ್ ಮತ್ತು ಸಂಗಡಿಗರು ರಕ್ತನಾಳದ ಶಸ್ತ್ರಚಿಕಿತ್ಸೆಗೆಂದು ಬಂದ 1,000 ಮಂದಿಗೆ ಹೃದಯದ ಆಂಜಿಯೋಗ್ರಾಂ ಮಾಡಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರು ಬಂದದ್ದು ಕಾಲಿನ, ಕತ್ತಿನ ಅಥವಾ ಹೊಟ್ಟೆಯ ದೊಡ್ಡ ನಾಳದ ತೊಂದರೆಗೆ. ಅವರಲ್ಲಿ ಹೃದಯದ ನಾಳಗಳು ಪೂರ್ತಿ ಚೆನ್ನಾಗಿದ್ದವರು ನೂರಕ್ಕೆ 8 ಮಂದಿ. ಬೈಪಾಸ್‌ನಿಂದ ಸರಿಪಡಿಸಬಹುದಾದ ತೀವ್ರ ಕರೋನರಿ ರೋಗ ಇದ್ದವರು ನೂರಕ್ಕೆ 25. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನಲ್ಲಿರುವವರ ಲೆಕ್ಕವಲ್ಲ ಎಂದು ಯಾರಾದರೂ ಹೇಳಬಹುದು. ಆ ಪ್ರಶ್ನೆಗೆ ಉತ್ತರ ಮೈಕೇಲ್ ಕ್ರಿಕೀ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಸರಾಸರಿ 66 ವಯಸ್ಸಿನ 565 ಗಂಡಸರು, ಹೆಂಗಸರ ಕಾಲಿನ ರಕ್ತದೊತ್ತಡ ಮತ್ತು ರಕ್ತದ ಹರಿವನ್ನು ಅಳೆದು, ಅವರನ್ನು 10 ವರ್ಷ ಗಮನಿಸಲಾಯಿತು. ಕಾಲಿನ ದೊಡ್ಡ ಅಪಧಮನಿಗಳಲ್ಲಿ ರೋಗವಿದ್ದವರಲ್ಲಿ ಯಾವುದೇ ಕಾರಣದ ಸಾವು ಉಳಿದವರಿಗಿಂತ 3.1 ಪಟ್ಟು, ಕರೋನರಿ ಹೃದ್ರೋಗದ ಸಾವು 6.6 ಪಟ್ಟು. ನೋವೂ ಇದ್ದು ರೋಗವೂ ತೀವ್ರವಾಗಿದ್ದವರಲ್ಲಿ ಹೃದಯದ ಸಾವು 15 ಪಟ್ಟು. ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಇನ್ನೊಂದು ಸಂಗತಿ. ಮೊದಲೇ ಹೃದ್ರೋಗವಿದ್ದವರನ್ನು ಲೆಕ್ಕದಿಂದ ತೆಗೆದುಹಾಕಿದ ಮೇಲೂ ಅನುಪಾತ ಹೆಚ್ಚು ಬದಲಾಗಲಿಲ್ಲ. ಎಂದರೆ ಹೃದಯದ ಬಗ್ಗೆ ಯಾವ ದೂರೂ ಇಲ್ಲದವರ ಹೃದಯದ ಭವಿಷ್ಯವನ್ನೂ ಕಾಲು ಹೇಳುತ್ತಿತ್ತು. 2008ರಲ್ಲಿ 16 ಅಧ್ಯಯನಗಳ 48,000ಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಒಟ್ಟುಮಾಡಿ ನೋಡಿದಾಗಲೂ, ವಯಸ್ಸು, ಕೊಲೆಸ್ಟರಾಲ್, ಬಿ.ಪಿ., ಧೂಮಪಾನಗಳ ಆಧಾರದ ಮೇಲೆ ಕಡಿಮೆ ಅಪಾಯದವರು, ಹೆಚ್ಚು ಅಪಾಯದವರು ಎಂದು ವಿಂಗಡಿಸಿದ ಪ್ರತಿ ಗುಂಪಿನಲ್ಲೂ ಕಾಲಿನ ಒತ್ತಡ ಕಡಿಮೆಯಿದ್ದವರ ಸಾವು ಸುಮಾರು ಎರಡು ಪಟ್ಟಿತ್ತು.

ಹೃದಯದ ದೂರು ಇಲ್ಲದಿರುವುದು ಹೃದಯ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಾಗದು. ಕಾಲಿನ ರೋಗಿಗಳ ವಿಷಯದಲ್ಲಂತೂ ಆಗಲೇ ಆಗದು. ಎದೆನೋವು ಹೊರಬೀಳಬೇಕಾದರೆ ಹೃದಯ ಶ್ರಮಪಡಬೇಕು. ಇನ್ನೂರು ಅಡಿ ನಡೆಯುವಷ್ಟರಲ್ಲಿ ಕಾಲು ಹಿಡಿದು ನಿಲ್ಲುವವರ ಹೃದಯ ಆ ಶ್ರಮದ ಮಟ್ಟಕ್ಕೆ ಏರುವುದೇ ಇಲ್ಲ. ಕಾಲು ಮೊದಲು ಸೋಲುವುದರಿಂದ ಎದೆಗೆ ದೂರು ಹೇಳುವ ಸರದಿ ಬರುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯೂ ಇಂಥವರಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ವರದಿಯಿಂದ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ಸಕ್ಕರೆ ಕಾಯಿಲೆ ಸೇರಿದರೆ ಕತ್ತಲು ಇನ್ನೂ ದಟ್ಟ. ನರಗಳು ಸೊರಗಿದವರಿಗೆ ಪಾದಕ್ಕೆ ಚುಚ್ಚಿದ್ದೂ ತಿಳಿಯುವುದಿಲ್ಲ, ಹೃದಯಾಘಾತವೂ ನೋವಿಲ್ಲದೆ ಆಗಿಹೋಗಬಹುದು. ನಮ್ಮ ಮನೆಗಳಲ್ಲಿ ವಯಸ್ಸಾದವರು ನಡಿಗೆಯನ್ನು ತಾವಾಗಿಯೇ ಕಡಿಮೆ ಮಾಡಿಕೊಳ್ಳುತ್ತಾರೆ. ಮೊದಲು ಸಂತೆ ಬಿಡುತ್ತಾರೆ, ಆಮೇಲೆ ತೋಟ, ಆಮೇಲೆ ದೇವಸ್ಥಾನ. ಮಂಡಿ ಸವೆದಿದೆ, ವಾಯು ಹಿಡಿದಿದೆ, ವಯಸ್ಸಾಯಿತು ಎಂಬ ಮೂರು ಉತ್ತರಗಳಲ್ಲಿ ಒಂದು ಸಿಕ್ಕಿ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಮಂಡಿನೋವು ಎದ್ದು ನಿಂತ ಮೊದಲ ಹೆಜ್ಜೆಗೇ ಕಾಡುವುದುಂಟು. ಸೊಂಟದ ನರ ಒತ್ತಿದ್ದರೆ ಬಗ್ಗಿದಾಗಲೋ ಕೂತಾಗಲೋ ಹಗುರಾಗುತ್ತದೆ. ರಕ್ತ ಸಾಲದ ಕಾಲಿನ ನೋವು ಹೆಚ್ಚುಕಡಿಮೆ ಅಷ್ಟೇ ದೂರ ನಡೆದಾಗ ಬರುತ್ತದೆ, ಸುಮ್ಮನೆ ನಿಂತರೆ ಸಾಕು, ಹೋಗುತ್ತದೆ. ಇಷ್ಟನ್ನು ವಿಚಾರಿಸಲು ಯಾವ ಯಂತ್ರವೂ ಬೇಡ. ಆದರೂ ಲಕ್ಷಣವನ್ನೇ ನೆಚ್ಚಿ ಕೂರುವಂತಿಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಪಾರ್ಟ್‌ನರ್ಸ್ ಸಮೀಕ್ಷೆಯಲ್ಲಿ, ಕಾಲಿನ ಅಪಧಮನಿ ರೋಗವಿದ್ದವರಲ್ಲಿ ಪುಸ್ತಕದಲ್ಲಿ ಬರೆದಂಥ ನೋವು ಇದ್ದದ್ದು ನೂರಕ್ಕೆ ಸುಮಾರು 11 ಮಂದಿಗೆ ಮಾತ್ರ.

ಅಪಾಯ ಸಮಾನವೆಂದು ಹೇಳಿದೆ. ಅದನ್ನು ನೇರವಾಗಿ ತೋರಿಸುವ ಒಂದು ಪ್ರಯೋಗವಿದೆ. 1996ರಲ್ಲಿ ಪ್ರಕಟವಾದ ಕ್ಯಾಪ್ರೀ ಪ್ರಯೋಗದಲ್ಲಿ 19,185 ಮಂದಿ ಇದ್ದರು: ಇತ್ತೀಚೆಗೆ ಹೃದಯಾಘಾತವಾದವರು, ಇತ್ತೀಚೆಗೆ ಪಾರ್ಶ್ವವಾಯುವಾದವರು, ಕಾಲಿನ ಅಪಧಮನಿ ರೋಗದ ಲಕ್ಷಣವಿದ್ದವರು, ಹೀಗೆ ಮೂರು ಗುಂಪು. ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಗುಳಿಗೆಗಳನ್ನು ಹೋಲಿಸುವುದು ಅದರ ಉದ್ದೇಶ. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ವರ್ಷಕ್ಕೆ ಹೃದಯಾಘಾತ, ಪಾರ್ಶ್ವವಾಯು ಅಥವಾ ರಕ್ತನಾಳದ ಕಾರಣದ ಸಾವು ಕಂಡವರು ಹೃದಯಾಘಾತದ ಗುಂಪಿನಲ್ಲಿ ಶೇ. 4.84, ಕಾಲಿನ ಗುಂಪಿನಲ್ಲಿ ಶೇ. 4.86. ಒಬ್ಬರು ತೀವ್ರ ನಿಗಾ ಘಟಕದಿಂದ ಬಂದವರು, ಇನ್ನೊಬ್ಬರು ಕಾಲುನೋವೆಂದು ಬಂದವರು. ಮುಂದಿನ ವರ್ಷದ ಅಪಾಯದಲ್ಲಿ ಇಬ್ಬರಿಗೂ ವ್ಯತ್ಯಾಸವೇ ಇಲ್ಲ. ಆದರೆ ಅವರಿಗೆ ಸಿಗುವ ಆರೈಕೆಯಲ್ಲಿ ವ್ಯತ್ಯಾಸವಿದೆ. ಮೊದಲನೆಯವರ ಕೈಯಲ್ಲಿ ಸ್ಟ್ಯಾಟಿನ್, ಆಸ್ಪಿರಿನ್, ಬಿ.ಪಿ. ಗುಳಿಗೆಗಳ ಚೀಟಿ ಇರುತ್ತದೆ, ಬೀಡಿ ಸಿಗರೇಟು ಬಿಡಲೇಬೇಕೆಂಬ ಗದರಿಕೆ ಸಿಕ್ಕಿರುತ್ತದೆ, ಮನೆಮಂದಿ ಎಚ್ಚೆತ್ತಿರುತ್ತಾರೆ. ಎರಡನೆಯವರು ನೋವಿನ ಮಾತ್ರೆ, ಎಣ್ಣೆ, ವಿಟಮಿನ್ ಗುಳಿಗೆ ಹಿಡಿದು ಮನೆಗೆ ಹೋಗುತ್ತಾರೆ. ಪಾರ್ಟ್‌ನರ್ಸ್ ಸಮೀಕ್ಷೆಯೇ ಹೇಳುವಂತೆ, ಕಾಲಿನ ಅಪಧಮನಿ ರೋಗ ಮೊದಲೇ ಪತ್ತೆಯಾಗಿದ್ದವರಲ್ಲಿ ಅದು ತಮಗಿದೆಯೆಂದು ಗೊತ್ತಿದ್ದ ರೋಗಿಗಳು ಶೇ. 83, ಅವರ ವೈದ್ಯರಲ್ಲಿ ಅದನ್ನು ಅರಿತಿದ್ದವರು ಶೇ. 49 ಮಾತ್ರ. 20,536 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ, ದಿನಕ್ಕೆ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್‌ನಿಂದ ದೊಡ್ಡ ಆಘಾತಗಳು ಸುಮಾರು ಕಾಲುಭಾಗ ಇಳಿದವು. ಹೃದ್ರೋಗದ ಇತಿಹಾಸವೇ ಇಲ್ಲದ ಕಾಲಿನ ರೋಗಿಗಳಿಗೂ ಆ ಲಾಭ ಸಿಕ್ಕಿತು. ಮದ್ದು ಇದೆ, ಅದು ಅಗ್ಗವೂ ಆಗಿದೆ. ಯಾರಿಗೆ ಕೊಡಬೇಕೆಂಬುದನ್ನು ಅಂಗದ ಹೆಸರು ನೋಡಿ ತೀರ್ಮಾನಿಸುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಕರ್ನಾಟಕದಲ್ಲಿ ಹೃದಯದ ಬಗ್ಗೆ ಜನರಿಗೆ ಕಾಳಜಿ ಇಲ್ಲವೆನ್ನಲಾಗದು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲು ಬೆಳೆಯಿತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿದೆ. ಅದು ಜೀವ ಉಳಿಸುವ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಆಘಾತವಾದ ಮೇಲಿನ ಮಾತು. ಸಾಲಿನಲ್ಲಿ ನಿಂತವರು ಇ.ಸಿ.ಜಿ. ಮಾಡಿಸಿಕೊಳ್ಳುತ್ತಾರೆ, ಅದು ಆ ಗಳಿಗೆಯ ಹೃದಯವನ್ನು ತೋರಿಸುತ್ತದೆ, ಮುಂದಿನ ಐದು ವರ್ಷವನ್ನಲ್ಲ. ಮುಂದಿನದನ್ನು ಹೇಳುವ ಒಂದು ಸರಳ ಅಳತೆ 1950ರಿಂದ ವೈದ್ಯರ ಕೈಯಲ್ಲಿದೆ. ಅಂಗಾತ ಮಲಗಿಸಿ, ಎರಡೂ ತೋಳಿನಲ್ಲಿ ಮತ್ತು ಎರಡೂ ಕಣಕಾಲಿನಲ್ಲಿ ಮೇಲಿನ ರಕ್ತದೊತ್ತಡ ಅಳೆದು, ಕಣಕಾಲಿನ ಸಂಖ್ಯೆಯನ್ನು ತೋಳಿನ ಹೆಚ್ಚಿನ ಸಂಖ್ಯೆಯಿಂದ ಭಾಗಿಸುವುದು. ಸಾಮಾನ್ಯವಾಗಿ ಕಣಕಾಲಿನ ಒತ್ತಡ ತೋಳಿನಷ್ಟೋ ತುಸು ಹೆಚ್ಚೋ ಇರುತ್ತದೆ. ಉತ್ತರ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ನಾಳ ಕಿರಿದಾಗಿದೆಯೆಂದೇ ಅರ್ಥ. ಬೇಕಾದದ್ದು ಬಿ.ಪಿ. ಪಟ್ಟಿ, ಅಂಗೈಯಲ್ಲಿ ಹಿಡಿಯುವ ಡಾಪ್ಲರ್ ಉಪಕರಣ, ಹದಿನೈದು ನಿಮಿಷದ ಸಮಯ, ತರಬೇತಿ ಪಡೆದ ಒಬ್ಬ ನರ್ಸ್.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪಣೆ ಎದುರಾಗುತ್ತದೆ. ಭಾರತೀಯರಿಗೆ ಹೃದ್ರೋಗ ಹೆಚ್ಚು, ಕಾಲಿನ ರೋಗ ಕಡಿಮೆ. ಆದ್ದರಿಂದ ಪಾಶ್ಚಾತ್ಯರ ಈ ಸಂಬಂಧ ನಮಗೆ ಒಪ್ಪುವುದಿಲ್ಲ ಎಂಬುದು. ಅಂಕಿಗಳು ಇದನ್ನು ತಳ್ಳಿಹಾಕುವುದಿಲ್ಲ. ಚೆನ್ನೈ ನಗರದ ಜನರ ನಡುವೆ ನಡೆದ ಅಧ್ಯಯನದಲ್ಲಿ ಕರೋನರಿ ರೋಗ ಶೇ. 11ರಷ್ಟು ಕಂಡರೆ ಕಾಲಿನ ಅಪಧಮನಿ ರೋಗ ಶೇ. 3.2 ಮಾತ್ರ. ಬ್ರಿಟನ್ನಿನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ ಸಕ್ಕರೆ ರೋಗಿಗಳಲ್ಲಿ ಕಾಲು ಕತ್ತರಿಸುವ ಪ್ರಮಾಣ ಅಲ್ಲಿನ ಬಿಳಿಯರ ಸುಮಾರು ನಾಲ್ಕನೇ ಒಂದು ಪಾಲು ಎಂದು 2002ರ ಒಂದು ಅಧ್ಯಯನ ತೋರಿಸಿದೆ. ವ್ಯತ್ಯಾಸ ನಿಜವೆಂದೇ ನಾನು ಒಪ್ಪುತ್ತೇನೆ. ಆದರೆ ಅದರಿಂದ ತೆಗೆಯುವ ನಿರ್ಣಯ ತಪ್ಪು. ಕಾಲಿನ ರೋಗ ಅರವತ್ತು ದಾಟಿದ ಮೇಲೆ ಏರುವಂಥದು. ನಮ್ಮಲ್ಲಿ ಮೊದಲ ಹೃದಯಾಘಾತವೇ ಬೇಗ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಪಾಲ್ಗೊಂಡಿದ್ದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಆಘಾತದ ಮಧ್ಯಕ ವಯಸ್ಸು 53, ಉಳಿದ ದೇಶಗಳವರದು ಸುಮಾರು 59. ಐವತ್ತರ ಆಸುಪಾಸಿನಲ್ಲೇ ಹೃದಯ ಕೈಕೊಟ್ಟವರು ಕಾಲಿನ ರೋಗದ ವಯಸ್ಸಿಗೆ ತಲುಪುವುದೇ ಇಲ್ಲ, ಎಣಿಕೆಗೂ ಸಿಗುವುದಿಲ್ಲ. ಇನ್ನೊಂದು, ಚೆನ್ನೈಯ ಅದೇ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರಲ್ಲಿ ಕಾಲಿನ ರೋಗ ಶೇ. 6.3ಕ್ಕೆ ಏರಿತ್ತು. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಕಣಕಾಲಿನ ನಾಳದ ನಡುಪದರ ಸುಣ್ಣಗಟ್ಟಿ ಗಡಸಾಗುವುದರಿಂದ ಪಟ್ಟಿಯ ಒತ್ತಡಕ್ಕೆ ಅದು ಬಗ್ಗದೆ, ಸಂಖ್ಯೆ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಹೀಗೆ ತಪ್ಪಿಸಿಕೊಳ್ಳುವವರೂ ಇದ್ದೇ ಇರುತ್ತಾರೆ. ಎಲ್ಲಕ್ಕಿಂತ ಮೇಲಾಗಿ, ರೋಗ ಅಪರೂಪವೆನ್ನುವುದು ಅದು ಸಿಕ್ಕಿದಾಗ ಅದರ ಅರ್ಥವನ್ನು ಕುಗ್ಗಿಸುವುದಿಲ್ಲ. ಹೃದ್ರೋಗ ಇಷ್ಟು ವ್ಯಾಪಕವಾಗಿರುವ ಸಮುದಾಯದಲ್ಲಿ ಒಬ್ಬರ ಕಾಲಿನ ನಾಳವೂ ಕಟ್ಟಿದೆಯೆಂದರೆ ಹೃದಯವನ್ನು ಇನ್ನೂ ಹೆಚ್ಚು ಅನುಮಾನಿಸಬೇಕೇ ಹೊರತು ಕಡಿಮೆಯಲ್ಲ.

ಎರಡನೆಯ ಆಕ್ಷೇಪಣೆ ರೋಗಶಾಸ್ತ್ರಜ್ಞರದು: ಎರಡೂ ಒಂದೇ ಕಾಯಿಲೆಯೆಂಬುದು ಅತಿ ಸರಳೀಕರಣ. ಇದರಲ್ಲಿ ಸತ್ಯವಿದೆ. ಹೃದಯದ ನಾಳದಲ್ಲಿ ತೆಳು ಹೊದಿಕೆಯ ಕೊಬ್ಬಿನ ಗಂಟು ಒಡೆದು ಹೆಪ್ಪುಗಟ್ಟುವುದು ಹೃದಯಾಘಾತದ ಸಾಮಾನ್ಯ ಬಗೆ. ಕತ್ತರಿಸಿ ತೆಗೆದ ಕಾಲುಗಳ ನಾಳಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ, ಮಂಡಿಯ ಕೆಳಗಿನ ನಾಳಗಳಲ್ಲಿ ದೊಡ್ಡ ಗಂಟೇ ಇಲ್ಲದೆ ಹೆಪ್ಪು ತುಂಬಿದ್ದೂ ಬಹಳ. ಹೊಗೆಯ ಏಟೂ ಎರಡು ಕಡೆ ಒಂದೇ ಅಲ್ಲ. ಅಮೆರಿಕದ ಆರಿಕ್ ಅಧ್ಯಯನದಲ್ಲಿ ಸಿಗರೇಟು ಬಿಟ್ಟವರ ಹೃದಯದ ಹೆಚ್ಚುವರಿ ಅಪಾಯ 20 ವರ್ಷದವರೆಗೆ ಉಳಿದರೆ, ಕಾಲಿನದು 30 ವರ್ಷದವರೆಗೆ ಉಳಿಯಿತು. ಬೀಡಿ ಸೇದುವ ಕಿರಿವಯಸ್ಸಿನ ಗಂಡಸರ ಬೆರಳು ಕಪ್ಪಾಗುವ ಬರ್ಗರ್ ಕಾಯಿಲೆಯಂತೂ ಬೇರೆಯೇ. ಅದನ್ನು ನನ್ನ ವಾದದಿಂದ ಹೊರಗಿಡುತ್ತೇನೆ. ಆದರೆ ನಾನು ಹೇಳುತ್ತಿರುವುದು ಎರಡು ನಾಳಗಳ ಗಂಟು ಒಂದೇ ರೂಪದ್ದು ಎಂದಲ್ಲ, ಎರಡೂ ಒಬ್ಬರ ಮೈಯಲ್ಲೇ ಬೆಳೆಯುತ್ತವೆ, ಒಂದು ಕಂಡಾಗ ಇನ್ನೊಂದರ ಅಪಾಯ ತೂಗಬೇಕು ಎಂದು. ಅಷ್ಟಕ್ಕೆ ರೂಪದ ವ್ಯತ್ಯಾಸ ಅಡ್ಡಬರುವುದಿಲ್ಲ.

ಹಾಗಾದರೆ ಊರಿನವರೆಲ್ಲರ ಕಣಕಾಲು ಅಳೆಯಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಡೆನ್ಮಾರ್ಕಿನಲ್ಲಿ 65ರಿಂದ 74 ವಯಸ್ಸಿನ ಸುಮಾರು 50,000 ಗಂಡಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ವೀವಾ ಪ್ರಯೋಗದಲ್ಲಿ ಕಾಲಿನ ನಾಳ, ಹೊಟ್ಟೆಯ ಮಹಾಪಧಮನಿ, ಬಿ.ಪಿ. ಮೂರನ್ನೂ ತಪಾಸಣೆ ಮಾಡಿದಾಗ ಸಾವು ಶೇ. 7ರಷ್ಟು ಇಳಿಯಿತು. ಅದೇ ದೇಶದಲ್ಲಿ ಅದೇ ವಯಸ್ಸಿನವರ ಮೇಲೆ ಇನ್ನೂ ವಿಸ್ತಾರವಾದ ತಪಾಸಣೆ ನಡೆಸಿದ ಡ್ಯಾನ್‌ಕಾವಾಸ್ ಪ್ರಯೋಗ 2022ರಲ್ಲಿ ಖಚಿತವಾದ ಇಳಿಕೆಯನ್ನು ತೋರಿಸಲಿಲ್ಲ. ಇಷ್ಟು ಅಸ್ಥಿರ ಪುರಾವೆಯ ಮೇಲೆ ಸಾರ್ವತ್ರಿಕ ತಪಾಸಣೆಗೆ ಹಣ ಸುರಿಯಿರೆಂದು ಕೇಳುವುದು ನ್ಯಾಯವಲ್ಲ. ನಾನು ಕೇಳುವುದು ಆಯ್ದ ಕೆಲವರಿಗೆ: ನಡೆದಾಗ ಕಾಲು ನೋಯುವವರು, ಪಾದದ ಹುಣ್ಣು ಮಾಯದವರು, ಐವತ್ತು ದಾಟಿದ ಸಕ್ಕರೆ ರೋಗಿಗಳು ಮತ್ತು ಧೂಮಪಾನಿಗಳು. ಇವರು ಹೇಗೂ ಆಸ್ಪತ್ರೆಗೆ ಬಂದಿರುತ್ತಾರೆ. ಸಕ್ಕರೆ ರೋಗಿಗಳಲ್ಲಿ ಕಣಕಾಲು-ತೋಳಿನ ಒತ್ತಡದ ಅನುಪಾತ 1.40 ಮೀರಿದರೆ ಅದನ್ನು ನಂಬದೆ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು.

ಇನ್ನು ಉತ್ಸಾಹಿಗಳ ಕಡೆಯಿಂದ ಬರುವ ತಪ್ಪು. ಕಾಲಿನ ರೋಗಿಯ ಹೃದಯದಲ್ಲೂ ಅಡಚಣೆ ಇರುತ್ತದೆಂದಾದರೆ ಎಲ್ಲರಿಗೂ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿಬಿಡೋಣ ಎಂಬ ಆತುರ. ಇದಕ್ಕೆ ಉತ್ತರ 2004ರ ಕಾರ್ಪ್ ಪ್ರಯೋಗದಲ್ಲಿದೆ. ದೊಡ್ಡ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಮುಂಚೆ, ಸ್ಥಿರವಾದ ಕರೋನರಿ ರೋಗವಿದ್ದ 510 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹೃದಯದ ಅಡಚಣೆಯನ್ನು ಮೊದಲು ಸರಿಪಡಿಸಲಾಯಿತು, ಉಳಿದವರಿಗೆ ಔಷಧ ಮಾತ್ರ. ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ನೋಡಿದಾಗ ಸಾವು ಒಂದು ಕಡೆ ಶೇ. 22, ಇನ್ನೊಂದು ಕಡೆ ಶೇ. 23. ಕಾಯಿಲೆ ರಕ್ತನಾಳಗಳ ಇಡೀ ಮರದಲ್ಲಿದ್ದಾಗ ಚಿಕಿತ್ಸೆಯೂ ಇಡೀ ಮರಕ್ಕೆ ತಲುಪುವಂತಿರಬೇಕು, ಅಂದರೆ ಔಷಧ ಮತ್ತು ಹೊಗೆ ಬಿಡುವುದು. ಇದರಲ್ಲೂ ತೂಗಿ ನೋಡಬೇಕಾದದ್ದಿದೆ. 2017ರ ಕಂಪಾಸ್ ಪ್ರಯೋಗದಲ್ಲಿ ಆಸ್ಪಿರಿನ್ ಜೊತೆಗೆ ಹೆಪ್ಪುಗಟ್ಟುವುದನ್ನು ತಡೆಯುವ ರಿವಾರೊಕ್ಸಬಾನ್ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ. 5.4ರಿಂದ 4.1ಕ್ಕೆ ಇಳಿದವು, ಆದರೆ ದೊಡ್ಡ ರಕ್ತಸ್ರಾವ ಶೇ. 1.9ರಿಂದ 3.1ಕ್ಕೆ ಏರಿತು. ಅಂಗಗಳನ್ನು ಬಿಡಿಬಿಡಿಯಾಗಿ ನೋಡುವ ವೈದ್ಯರ ನಡುವೆ ರೋಗಿಗೆ ಹಾನಿಯಾಗುವುದೂ ಇಲ್ಲಿಯೇ. ನಡಿಗೆಯ ದೂರ ಹೆಚ್ಚಿಸುವ ಸಿಲೊಸ್ಟಜಾಲ್ ಗುಳಿಗೆಯನ್ನು ಹೃದಯ ವೈಫಲ್ಯವಿರುವವರಿಗೆ ಕೊಡಬಾರದು. ಬೀಟಾ ಬ್ಲಾಕರ್‌ಗಳು ಕಾಲುನೋವನ್ನು ಹೆಚ್ಚಿಸುತ್ತವೆಂಬ ಹಳೆಯ ಭಯ ಅಧ್ಯಯನಗಳಲ್ಲಿ ನಿಲ್ಲಲಿಲ್ಲ, ಆದರೂ ಅದೇ ಭಯದಿಂದ ಹೃದಯಕ್ಕೆ ಬೇಕಾದ ಔಷಧ ತಪ್ಪಿಸುವುದುಂಟು. ಬೈಪಾಸ್‌ನಲ್ಲಿ ಎದೆಯೊಳಗಿನ ನಾಳವನ್ನು ಹೃದಯಕ್ಕೆ ಜೋಡಿಸುವಾಗ, ಅದು ಹುಟ್ಟುವ ಎಡತೋಳಿನ ನಾಳವೇ ಕಿರಿದಾಗಿದ್ದರೆ ಹೊಸ ದಾರಿಗೂ ರಕ್ತ ಸಾಲದು; ಎರಡೂ ತೋಳಿನ ಬಿ.ಪಿ. ನೋಡುವ ಸಣ್ಣ ಅಭ್ಯಾಸ ಅದನ್ನು ಮೊದಲೇ ಹಿಡಿದುಕೊಡುತ್ತದೆ.

ಕಾಲು ಮತ್ತು ಹೃದಯ ಎರಡಕ್ಕೂ ಒಂದೇ ಏಟಿಗೆ ಒದಗುವ ಚಿಕಿತ್ಸೆಯೊಂದಿದೆ, ಅದು ನಡಿಗೆ. ನೋವು ಸಾಕಷ್ಟು ಏರುವವರೆಗೆ ನಡೆಯುವುದು, ನಿಲ್ಲುವುದು, ನೋವು ಹೋದ ಮೇಲೆ ಮತ್ತೆ ನಡೆಯುವುದು. ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಕನಿಷ್ಠ 12 ವಾರ. ನುರಿತವರ ಮೇಲ್ವಿಚಾರಣೆಯಲ್ಲಿ ಹೀಗೆ ನಡೆದವರ ದೂರ ಗಣನೀಯವಾಗಿ ಹೆಚ್ಚುತ್ತದೆಂಬುದಕ್ಕೆ ಪುರಾವೆ ಹೇರಳವಾಗಿದೆ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಸ್ಟೆಂಟ್ ಹಾಕಲು ಕೋಣೆಯಿದೆ, ಹೀಗೆ ನಡೆಸಲು ಒಂದು ಓಣಿಯಿಲ್ಲ. ವಾಕ್ ಮಾಡಿ ಎಂಬ ಒಂದು ಮಾತಿನಲ್ಲಿ ಈ ಚಿಕಿತ್ಸೆ ಮುಗಿದುಹೋಗುತ್ತದೆ. ನೋವು ಬಂದರೂ ನಡೆಯಬೇಕೆಂದು ಬಿಡಿಸಿ ಹೇಳದಿದ್ದರೆ ಯಾರು ತಾನೇ ನಡೆದಾರು? ಈ ನಡಿಗೆಯಿಂದ ಕಾಲು ಸುಧಾರಿಸಿದಂತೆಲ್ಲ ಹೃದಯ ಇಷ್ಟು ದಿನ ಕಾಣದಿದ್ದ ಶ್ರಮಕ್ಕೆ ಒಡ್ಡಿಕೊಳ್ಳುತ್ತದೆ, ಕಾಲಿನ ಮರೆಯಲ್ಲಿದ್ದ ಎದೆನೋವು ಕೆಲವರಲ್ಲಿ ಆಗ ಮೊದಲ ಬಾರಿಗೆ ಹೊರಬೀಳಬಹುದು. ಅದಕ್ಕೇ ನಡಿಗೆ ಶುರುಮಾಡುವ ಮುಂಚೆ ಹೃದಯದ ಪರೀಕ್ಷೆ ಆಗಬೇಕು. ಹತ್ತನೆಯ ವಾರದಲ್ಲಿ ಎದೆ ಬಿಗಿದರೆ ಅದನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳದೆ, ಹೆದರಿ ನಡಿಗೆಯನ್ನೇ ಬಿಟ್ಟುಬಿಡದೆ, ಅಂದೇ ವೈದ್ಯರ ಬಳಿಗೆ ಬರಬೇಕೆಂದು ರೋಗಿಗೂ ಮನೆಯವರಿಗೂ ಮೊದಲ ದಿನವೇ ತಿಳಿಸಿರಬೇಕು.